ಎಂಎಸ್ಸಿ ಪ್ರಾಜೆಕ್ಟ್‌ಗೆ ಬಯೋಇನ್ಫರ್ಮ್ಯಾಟಿಕ್ಸ್: 8 ಜಿಬಿ ಲ್ಯಾಪ್‌ಟಾಪ್, ಆರು ತಿಂಗಳು ಟೈಮ್. ಎಲ್ಲಿಂದ ಶುರು ಮಾಡಲಿ?

ಆಲೂರು_ಹುಡುಗಿ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಎಂಎಸ್ಸಿ ಬಯೋಟೆಕ್ನಾಲಜಿ ಓದುತ್ತಿದ್ದೇನೆ, ಈಗ ಮೂರನೇ ಸೆಮಿಸ್ಟರ್. ಮನೆ ಆಲೂರು ಹತ್ತಿರದ ಹಳ್ಳಿ. ನಮ್ಮದು ಆಲೂಗಡ್ಡೆ ಬೆಳೆಯುವ ಮನೆ. ಜಲಂಧರ್‌ನಿಂದ ಬರುವ ಕುಫ್ರಿ ಜ್ಯೋತಿ ಬಿತ್ತನೆ ಗಡ್ಡೆಗೆ ಅಪ್ಪ ಹಾಸನದ ಎಪಿಎಂಸಿ ಯಾರ್ಡ್‌ನಲ್ಲಿ ಕಾದು ನಿಲ್ಲುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಹೋದ ಮುಂಗಾರಿನಲ್ಲಿ ಒಂದು ವಾರ ಮೋಡ ಮುಚ್ಚಿಕೊಂಡು ಜಡಿಮಳೆ ಹಿಡಿಯಿತು. ಅಷ್ಟಕ್ಕೇ ಅಂಗಮಾರಿ ಬಂದು ಹೊಲವೆಲ್ಲ ಬಿಸಿನೀರು ಸುರಿದ ಹಾಗೆ ಕಪ್ಪಾಯಿತು. ಪ್ರಾಜೆಕ್ಟ್ ವಿಷಯ ಯೋಚಿಸಿ ಬನ್ನಿ ಅಂತ ಗೈಡ್ ಹೇಳಿದಾಗ ನನಗೆ ಬೇರೆ ಏನೂ ಹೊಳೆಯಲಿಲ್ಲ, ಅಂಗಮಾರಿ ಮೇಲೇ ಮಾಡುತ್ತೇನೆ ಅಂದೆ.

ರೋಗ ತಗುಲಿದ ಎಲೆಯಲ್ಲಿ ಯಾವ ಯಾವ ಜೀನ್ ಕೆಲಸ ಶುರು ಮಾಡುತ್ತವೆ ಅಂತ ನೋಡುವ ಆಸೆ. ಆರ್‌ಎನ್‌ಎ ಸೀಕ್ವೆನ್ಸಿಂಗ್ (ಎಲೆಯ ಆರ್‌ಎನ್‌ಎಯನ್ನು ಯಂತ್ರದಲ್ಲಿ ಅಕ್ಷರ ಅಕ್ಷರವಾಗಿ ಓದಿಸುವುದು) ಮಾಡಿಸಲು ನಮ್ಮ ವಿಭಾಗದಲ್ಲಿ ದುಡ್ಡಿಲ್ಲ. ಬೇರೆಯವರು ಮಾಡಿ ಸಾರ್ವಜನಿಕವಾಗಿ ಇಟ್ಟಿರುವ ಡೇಟಾ ತಗೊಂಡು ಮಾಡು ಅಂತ ಗೈಡ್ ಹೇಳಿದ್ದಾರೆ. ಅವರು ಸಸ್ಯರೋಗದವರು, ಮೈಕ್ರೋಸ್ಕೋಪ್ ಮುಂದೆ ಕೂತರೆ ಅವರಷ್ಟು ತಿಳಿದವರಿಲ್ಲ, ಆದರೆ ಕಂಪ್ಯೂಟರ್ ಭಾಗ ನಿಂದೇ ಅಂತ ಕೈಬಿಟ್ಟಿದ್ದಾರೆ. ವಿಭಾಗದಲ್ಲಿ ಇದನ್ನು ಮಾಡಿದವರು ಬೇರೆ ಯಾರೂ ಇಲ್ಲ.

ನನ್ನ ಹತ್ತಿರ ಇರುವುದು 8 ಜಿಬಿ ರ‍್ಯಾಮ್‌ನ ವಿಂಡೋಸ್ ಲ್ಯಾಪ್‌ಟಾಪ್. ಪ್ರೋಗ್ರಾಮಿಂಗ್ ಅಂದರೆ ಪಿಯುಸಿಯಲ್ಲೂ ಕಲಿತಿಲ್ಲ. ಪೈಥಾನ್ ಕಲಿಯಲಾ, ಆರ್ ಕಲಿಯಲಾ? ಬೆಂಗಳೂರಿನ ಒಂದು ತರಬೇತಿ ಕೇಂದ್ರದವರು ಎರಡು ತಿಂಗಳ ಆನ್‌ಲೈನ್ ಕೋರ್ಸ್‌ಗೆ 30 ಸಾವಿರ ಕೇಳುತ್ತಿದ್ದಾರೆ, ಸರ್ಟಿಫಿಕೇಟ್ ಕೊಡುತ್ತಾರಂತೆ, ಸೇರಬೇಕಾ? ಇನ್ನೊಂದು ಮಾತು ಒಳಗೊಳಗೇ ಕೊರೆಯುತ್ತಿದೆ. ಬೇರೆಯವರ ಡೇಟಾ ಇಟ್ಟುಕೊಂಡು ಮಾಡಿದರೆ ಅದನ್ನು ಸಂಶೋಧನೆ ಅಂತಾರಾ? ವೈವಾದಲ್ಲಿ "ಇದರಲ್ಲಿ ನಿಮ್ಮ ಕೆಲಸ ಏನಮ್ಮಾ" ಅಂತ ಕೇಳಿದರೆ ಏನು ಹೇಳಲಿ?

ಅರಸೀಕೆರೆ_ರೈಲು

ಮೊದಲು ದುಡ್ಡಿನ ಮಾತು. 30 ಸಾವಿರ ಕೊಡಬೇಡಿ. ನಾನು ಆರು ವರ್ಷದ ಹಿಂದೆ ಇಂಥದ್ದೇ ಒಂದು ಕಡೆ ಕಟ್ಟಿದೆ, ಮನೆಯಲ್ಲಿ ಸಾಲ ಮಾಡಿ ಕೊಟ್ಟಿದ್ದರು. ಮೊದಲೇ ತಯಾರಿಸಿಟ್ಟ ಫೈಲ್ ಕೊಟ್ಟು, ಹದಿನೈದು ಕಮಾಂಡ್ ಬರೆದುಕೊಂಡು ಹೊಡೆಯಿರಿ ಅಂದರು. ಎಲ್ಲ ಸರಿಯಾಗಿ ಓಡಿತು. ಆಮೇಲೆ ಕೆಲಸದ ಇಂಟರ್‌ವ್ಯೂನಲ್ಲಿ ಒಂದು ಹಾಳಾದ ಫೈಲ್ ತೋರಿಸಿ ಇದರಲ್ಲಿ ಏನು ತಪ್ಪಿದೆ ಅಂತ ಕೇಳಿದಾಗ ಬಾಯಿ ಕಟ್ಟಿಹೋಯಿತು. ಸರ್ಟಿಫಿಕೇಟ್ ಅನ್ನು ಅವರು ತಿರುಗಿಸಿಯೂ ನೋಡಲಿಲ್ಲ. ಈಗ ನಾನೇ ಅದೇ ಕುರ್ಚಿಯಲ್ಲಿ ಕೂತು ಹುಡುಗರನ್ನು ನೋಡುತ್ತೇನೆ, ನಾವು ನೋಡುವುದು ಅವರು ತಾವಾಗಿ ಮಾಡಿದ ಒಂದು ಕೆಲಸ, ಅದರ ಕೋಡ್, ಅದರಲ್ಲಿ ಎಲ್ಲಿ ಸಿಕ್ಕಿಕೊಂಡರು, ಹೇಗೆ ಹೊರಬಂದರು ಅನ್ನುವುದನ್ನು.

ಪೈಥಾನ್ ಕೈಗೆ ಹತ್ತಿಸಿಕೊಳ್ಳಲು ರೊಸಾಲಿಂಡ್ ಅಂತ ಒಂದು ತಾಣ ಇದೆ, ಪುಕ್ಕಟೆ. ಡಿಎನ್‌ಎ ರಚನೆ ಕಂಡುಹಿಡಿಯುವಲ್ಲಿ ದುಡಿದ ರೊಸಾಲಿಂಡ್ ಫ್ರಾಂಕ್ಲಿನ್ ಹೆಸರು ಅದು. ಮೊದಲ ಲೆಕ್ಕ ಏನು ಗೊತ್ತಾ, ಒಂದು ಡಿಎನ್‌ಎ ಸಾಲು ಕೊಡುತ್ತಾರೆ, ಅದರಲ್ಲಿ ಎ ಎಷ್ಟು, ಸಿ ಎಷ್ಟು, ಜಿ ಎಷ್ಟು, ಟಿ ಎಷ್ಟು ಅಂತ ಎಣಿಸಬೇಕು. ಅಷ್ಟೇ. ಅಲ್ಲಿಂದ ಒಂದೊಂದೇ ಮೆಟ್ಟಿಲು. ದಿನಕ್ಕೆ ಒಂದು ಲೆಕ್ಕ ಮಾಡಿದರೂ ಒಂದು ತಿಂಗಳಲ್ಲಿ ಲೂಪ್ ಅಂದರೆ ಏನು, ಫೈಲ್ ಓದುವುದು ಹೇಗೆ ಅನ್ನುವುದು ಬರುತ್ತದೆ. ಐಐಟಿಗಳವರು ನಡೆಸುವ ಎನ್‌ಪಿಟಿಇಎಲ್‌ನ ಆನ್‌ಲೈನ್ ಪಾಠಗಳನ್ನೂ ದುಡ್ಡು ಕೊಡದೆ ನೋಡಬಹುದು.

ಪೈಥಾನಾ ಆರ್ ಆ ಅನ್ನುವ ಜಗಳಕ್ಕೆ ಬೀಳಬೇಡಿ. ನಿಮ್ಮ ಪ್ರಾಜೆಕ್ಟ್‌ಗೆ ಕೊನೆಯ ಹಂತದಲ್ಲಿ, ಎರಡು ಗುಂಪಿನ ನಡುವೆ ಯಾವ ಜೀನ್‌ನ ಕೆಲಸ ಬದಲಾಗಿದೆ ಅಂತ ಲೆಕ್ಕ ಹಾಕುವ ಡಿಇಸೀಕ್2 ಬೇಕೇ ಬೇಕು, ಅದು ಆರ್‌ನಲ್ಲಿದೆ. ಹಾಗಾಗಿ ಆರ್ ಮೊದಲು. ಆದರೆ ಅದಕ್ಕೂ ಮೊದಲು ಲಿನಕ್ಸ್ ಕಮಾಂಡ್ ಲೈನ್. ವಿಂಡೋಸ್ ತೆಗೆಯಬೇಕಾಗಿಲ್ಲ, ಅದರೊಳಗೇ ಡಬ್ಲ್ಯುಎಸ್‌ಎಲ್ ಹಾಕಿಕೊಂಡರೆ ಉಬುಂಟು ಓಡುತ್ತದೆ. ಸಾಫ್ಟ್‌ವೇರ್‌ಗಳನ್ನು ಬಯೋಕೊಂಡಾ ಅನ್ನುವ ಪುಕ್ಕಟೆ ಭಂಡಾರದಿಂದ ಹಾಕಿ, ಒಂದೊಂದು ಕೆಲಸಕ್ಕೂ ಬೇರೆ ಬೇರೆ ಎನ್ವಿರಾನ್‌ಮೆಂಟ್ (ಪ್ರತ್ಯೇಕ ಜಾಗ) ಮಾಡಿಕೊಳ್ಳಿ, ಇಲ್ಲದಿದ್ದರೆ ಒಂದನ್ನು ಹಾಕಲು ಹೋಗಿ ಇನ್ನೊಂದು ಕೆಡುತ್ತದೆ.

ಒಂದು ಎಚ್ಚರಿಕೆ. ಜೀನ್ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಬೇಡಿ. ಮನುಷ್ಯರ ಜೀನ್‌ಗಳಲ್ಲಿ ಸೆಪ್ಟ್2, ಮಾರ್ಚ್1 ಅಂತ ಹೆಸರಿದ್ದವು. ಎಕ್ಸೆಲ್ ಅವನ್ನು ಸೆಪ್ಟೆಂಬರ್ 2, ಮಾರ್ಚ್ 1 ಅಂತ ತಾರೀಕು ಮಾಡಿಬಿಡುತ್ತಿತ್ತು. ಅಚ್ಚಾದ ಎಷ್ಟೋ ಪೇಪರ್‌ಗಳ ಪಟ್ಟಿಗಳಲ್ಲಿ ಈ ತಪ್ಪು ಸಿಕ್ಕಿ, ಕೊನೆಗೆ 2020ರಲ್ಲಿ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಆ ಹೆಸರುಗಳನ್ನು ಬದಲಾಯಿಸಿತು.

ಕೊಪ್ಪದ_ಮಳೆ

ನಾನು ಕೊಪ್ಪದವಳು, ಬೆಂಗಳೂರಿನಲ್ಲಿ ಪಿಎಚ್‌ಡಿ ನಾಲ್ಕನೇ ವರ್ಷ. ನಾನೂ ಬಾಟನಿ ಬಿಎಸ್ಸಿಯಿಂದ ಬಂದವಳು, ಕೋಡ್ ಅಂದರೆ ಏನು ಅಂತ 22ನೇ ವಯಸ್ಸಿನವರೆಗೂ ಗೊತ್ತಿರಲಿಲ್ಲ. ನೀವು ಕೇಳಿದ್ದು ಓದಿ ಆ ದಿನಗಳು ನೆನಪಾದವು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಒಂದೇ ಸಲ ಆಲೂಗಡ್ಡೆಗೆ ಕೈ ಹಾಕಬೇಡಿ. 2011ರಲ್ಲಿ ಪ್ರಕಟವಾದ ಆಲೂಗಡ್ಡೆ ಜೀನೋಮ್ (ಇಡೀ ಡಿಎನ್‌ಎ) ಸುಮಾರು 84 ಕೋಟಿ ಅಕ್ಷರ, ಜೀನ್‌ಗಳು 39,000. ಅಂಗಮಾರಿ ತರುವ ಫೈಟಾಫ್ತೊರಾ ಇನ್‌ಫೆಸ್ಟನ್ಸ್‌ದು 2009ರಲ್ಲಿ ಬಂತು, ಅದು ಸುಮಾರು 24 ಕೋಟಿ. ಮೊದಲ ವಾರವೇ ಇದನ್ನೆಲ್ಲ ತುಂಬಿಕೊಂಡು ಕೂತರೆ ತಪ್ಪು ಎಲ್ಲಾಗಿದೆ ಅಂತ ಕಾಣುವುದೇ ಇಲ್ಲ. ಇಡೀ ಫೈಲ್ ಕಣ್ಣಿಂದ ನೋಡಬಹುದಾದಷ್ಟು ಸಣ್ಣದು ಬೇಕು.

ನಮ್ಮ ಕಡೆಯದೇ ಒಂದು ಇದೆ. ಮಂಗನ ಕಾಯಿಲೆ. ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ವೈರಸ್, ಉಣ್ಣೆಯಿಂದ ಹರಡುತ್ತದೆ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರದವರಿಗೆ ಹೇಳಬೇಕಾಗಿಲ್ಲ. ಕಾಡಲ್ಲಿ ಮಂಗ ಸತ್ತು ಬಿದ್ದಿದೆ ಅಂದರೆ ಸೊಪ್ಪಿಗೆ, ದರಗಿಗೆ ಹೋಗುವುದನ್ನು ನಮ್ಮಮ್ಮ ನಿಲ್ಲಿಸುತ್ತಿದ್ದರು. ಆ ವೈರಸ್‌ನ ಇಡೀ ಜೀನೋಮ್ ಸುಮಾರು 10,800 ಅಕ್ಷರ. ಅಷ್ಟೇ. ಪ್ರಿಂಟ್ ತೆಗೆದರೆ ನಾಲ್ಕೈದು ಹಾಳೆಯಲ್ಲಿ ಮುಗಿಯುತ್ತದೆ.

ಸೀಕ್ವೆನ್ಸ್‌ಗಳನ್ನು ಸಾರ್ವಜನಿಕವಾಗಿ ಇಟ್ಟಿರುವ ಅಮೆರಿಕದ ಎನ್‌ಸಿಬಿಐ ತಾಣಕ್ಕೆ ಹೋಗಿ, ನ್ಯೂಕ್ಲಿಯೋಟೈಡ್ ಅಂತ ಆರಿಸಿ ಆ ವೈರಸ್ ಹೆಸರು ಹಾಕಿ ಹುಡುಕಿ. ತುಂಡು ತುಂಡು ಸೀಕ್ವೆನ್ಸ್‌ಗಳು ಜಾಸ್ತಿ ಬರುತ್ತವೆ, ಹಾಗಾಗಿ ಉದ್ದ 10,000ಕ್ಕಿಂತ ಮೇಲಿರುವವನ್ನು ಮಾತ್ರ ಇಟ್ಟುಕೊಳ್ಳಿ. ಜೊತೆಗೆ ಅಲ್‌ಖುರ್ಮಾ ವೈರಸ್‌ನ ಒಂದು ಜೀನೋಮ್ ಸೇರಿಸಿ. ಅದು ಸೌದಿ ಅರೇಬಿಯಾದ್ದು, ನಮ್ಮ ಮಂಗನ ಕಾಯಿಲೆ ವೈರಸ್‌ಗೆ ಬಹಳ ಹತ್ತಿರದ ನೆಂಟ. ಎಲ್ಲವನ್ನೂ ಫಾಸ್ಟಾ ಫೈಲ್ ಆಗಿ ಇಳಿಸಿಕೊಳ್ಳಿ. ಸುಮ್ನೆ ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ">" ಗುರುತಿನಿಂದ ಶುರುವಾಗುವ ಒಂದು ಸಾಲು ಹೆಸರು, ಅದರ ಕೆಳಗೆ ಅಕ್ಷರಗಳು. ಇದು ಆರ್‌ಎನ್‌ಎ ವೈರಸ್, ಟಿ ಬದಲು ಯು ಅಕ್ಷರ ಇರಬೇಕಿತ್ತು, ಆದರೆ ಫೈಲ್‌ನಲ್ಲಿ ಟಿ ಇರುತ್ತದೆ. ತಪ್ಪಲ್ಲ, ಡೇಟಾಬೇಸ್‌ನಲ್ಲಿ ಹಾಗೇ ಬರೆಯುವುದು ರೂಢಿ.

ಎಷ್ಟು ಸೀಕ್ವೆನ್ಸ್ ಇದೆ ಅಂತ ಎಣಿಸಲು ಗ್ರೆಪ್ ಅನ್ನುವ ಕಮಾಂಡ್‌ನಲ್ಲಿ ">" ಗುರುತನ್ನು ಎಣಿಸಿದರೆ ಆಯಿತು. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಆ ಗುರುತಿನ ಎರಡೂ ಕಡೆ ಕೊಟೇಶನ್ ಹಾಕಲೇಬೇಕು. ಹಾಕದಿದ್ದರೆ ಲಿನಕ್ಸ್ ಅದನ್ನು "ಈ ಫೈಲ್‌ಗೆ ಬರೆ" ಅಂತ ಅರ್ಥ ಮಾಡಿಕೊಂಡು ನಿಮ್ಮ ಫೈಲನ್ನೇ ಖಾಲಿ ಮಾಡುತ್ತದೆ. ನನಗೆ ಇದು ಆಗಿದೆ. ಸೀನಿಯರ್ ಒಬ್ಬರು ಮೂರು ವಾರ ಕೂತು ಸರಿಮಾಡಿದ್ದ ಫೈಲ್, ಒಂದು ಎಂಟರ್ ಒತ್ತಿದ್ದಕ್ಕೆ ಸೊನ್ನೆ ಬೈಟ್. ಆ ರಾತ್ರಿ ಹಾಸ್ಟೆಲ್‌ನಲ್ಲಿ ಊಟ ಸೇರಲಿಲ್ಲ. ಅವತ್ತಿನಿಂದ ಮೂಲ ಡೇಟಾ ಇರುವ ಫೋಲ್ಡರ್ ಬೇರೆ, ಅದಕ್ಕೆ ಬರೆಯುವ ಅನುಮತಿಯನ್ನೇ ತೆಗೆದಿಟ್ಟಿರುತ್ತೇನೆ. ಕೆಲಸವೆಲ್ಲ ನಕಲಿನ ಮೇಲೆ.

ಆಮೇಲೆ ಮಾಫ್ಟ್ ಹಾಕಿ ಎಲ್ಲವನ್ನೂ ಒಂದರ ಕೆಳಗೊಂದು ಜೋಡಿಸಿ, ಐಕ್ಯೂ-ಟ್ರೀ ಹಾಕಿ ವಂಶವೃಕ್ಷ ಮಾಡಿ. ನಿಮ್ಮ 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಆರಾಮಾಗಿ ಆಗುತ್ತದೆ. ಅಲ್‌ಖುರ್ಮಾ ಬೇರೆ ಕೊಂಬೆಯಾಗಿ ಹೊರಗೆ ನಿಲ್ಲಬೇಕು. ನಿಲ್ಲದಿದ್ದರೆ ಎಲ್ಲೋ ಎಡವಿದ್ದೀರಿ ಅಂತ ಅರ್ಥ. ಉತ್ತರ ಮೊದಲೇ ಗೊತ್ತಿರುವ ಕೆಲಸದಿಂದ ಶುರು ಮಾಡಿ ಅಂತ ನಾನು ಹೇಳುವುದು ಇದಕ್ಕೇ, ತಪ್ಪಾದರೆ ತಕ್ಷಣ ಗೊತ್ತಾಗುತ್ತದೆ.

ಇದಾದ ಮೇಲೆ ಆಲೂಗಡ್ಡೆಗೆ ಬನ್ನಿ. ಆರ್‌ಎನ್‌ಎ ಡೇಟಾವನ್ನು ಯುರೋಪಿನ ಇಎನ್‌ಎ ತಾಣದಿಂದ ನೇರವಾಗಿ ಫಾಸ್ಟ್‌ಕ್ಯೂ ಆಗಿ ಇಳಿಸಬಹುದು. ಫಾಸ್ಟ್‌ಕ್ಯೂನಲ್ಲಿ ಒಂದೊಂದು ರೀಡ್‌ಗೂ (ಯಂತ್ರ ಓದಿದ ಒಂದು ತುಂಡಿಗೂ) ನಾಲ್ಕು ಸಾಲು. ನಾಲ್ಕನೇ ಸಾಲಿನಲ್ಲಿ ಚಿತ್ರವಿಚಿತ್ರ ಗುರುತುಗಳು ಕಾಣುತ್ತವೆ, ಒಂದೊಂದು ಅಕ್ಷರವನ್ನು ಯಂತ್ರ ಎಷ್ಟು ನಂಬಿಕೆಯಿಂದ ಓದಿದೆ ಅನ್ನುವ ಅಂಕ ಅದು. 30 ಅಂದರೆ ಸಾವಿರಕ್ಕೆ ಒಂದು ತಪ್ಪು, 20 ಅಂದರೆ ನೂರಕ್ಕೆ ಒಂದು. ಫಾಸ್ಟ್‌ಕ್ಯುಸಿ ಹಾಕಿದರೆ ಇದರ ಚಿತ್ರ ಬರುತ್ತದೆ. ಜೀನ್ ಎಣಿಕೆಗೆ ಸ್ಟಾರ್ ಅನ್ನುವ ಸಾಫ್ಟ್‌ವೇರ್ ಹಾಕಲು ಹೋಗಬೇಡಿ, ಮನುಷ್ಯನ ಜೀನೋಮ್‌ಗೆ ಅದು 30 ಜಿಬಿಯಷ್ಟು ಮೆಮೊರಿ ತಿನ್ನುತ್ತದೆ, ಆಲೂಗಡ್ಡೆಗೂ ನಿಮ್ಮ ಯಂತ್ರ ಸಾಲದು. ಸಾಲ್ಮನ್ ಹಾಕಿ. ಅದು ಇಡೀ ಜೀನೋಮ್ ಬದಲು ಜೀನ್‌ಗಳ ಟ್ರಾನ್ಸ್‌ಕ್ರಿಪ್ಟ್ (ಜೀನ್‌ನಿಂದ ನಕಲಾದ ಆರ್‌ಎನ್‌ಎ ಸಾಲು) ಮಾತ್ರ ಇಟ್ಟುಕೊಂಡು ಲೆಕ್ಕ ಹಾಕಬಲ್ಲದು, ಹಾಗಾಗಿ ಸಣ್ಣ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಅದೂ ಭಾರ ಅನ್ನಿಸಿದರೆ ಗ್ಯಾಲಕ್ಸಿ ತಾಣದಲ್ಲಿ ಪುಕ್ಕಟೆ ಖಾತೆ ತೆರೆಯಿರಿ, ಲೆಕ್ಕವೆಲ್ಲ ಅವರ ಸರ್ವರ್‌ನಲ್ಲಿ ನಡೆಯುತ್ತದೆ.

ನಿಮ್ಮ ವಿಷಯದಲ್ಲಿ ಎರಡು ತೊಡಕು ಇದೆ, ಗೈಡ್ ಜೊತೆ ಕೂತು ಮಾತಾಡಿ. ಒಂದು, ರೋಗ ತಗುಲಿದ ಎಲೆಯಲ್ಲಿ ಆಲೂಗಡ್ಡೆಯ ಆರ್‌ಎನ್‌ಎ ಜೊತೆಗೆ ರೋಗಾಣುವಿನ ಆರ್‌ಎನ್‌ಎಯೂ ಇರುತ್ತದೆ. ಎರಡರ ಟ್ರಾನ್ಸ್‌ಕ್ರಿಪ್ಟ್‌ಗಳನ್ನೂ ಸೇರಿಸಿ ಒಂದೇ ಇಂಡೆಕ್ಸ್ (ಸಾಲ್ಮನ್ ಹುಡುಕಿ ನೋಡುವ ಪಟ್ಟಿ) ಮಾಡಿಕೊಂಡರೆ ಬೇರ್ಪಡಿಸಬಹುದು, ಮತ್ತು ಎಷ್ಟು ಗಂಟೆಗೆ ರೋಗಾಣು ಎಷ್ಟು ಬೆಳೆದಿದೆ ಅನ್ನುವ ಅಂದಾಜೂ ಸಿಗುತ್ತದೆ. ಎರಡು, ನಾವು ಬೆಳೆಯುವ ಆಲೂಗಡ್ಡೆಯಲ್ಲಿ 12 ಕ್ರೋಮೋಸೋಮ್‌ಗಳ ನಾಲ್ಕು ಪ್ರತಿ, ಒಟ್ಟು 48. 2011ರ ಜೀನೋಮ್‌ಗೆ ಆರಿಸಿದ್ದು ಕೆಲಸ ಸುಲಭವಾಗಲಿ ಅಂತ ಮಾಡಿಕೊಂಡ ಬೇರೆ ಒಂದು ಗಿಡ, ಅದರ ಎರಡೂ ಪ್ರತಿ ಒಂದೇ ಥರ. ಹಾಗಾಗಿ ಬೇರೆ ತಳಿಯಲ್ಲಿರುವ ರೋಗನಿರೋಧಕ ಜೀನ್, ಹೋಲಿಸಲು ಇಟ್ಟುಕೊಂಡ ಆ ರೆಫರೆನ್ಸ್ ಜೀನೋಮ್‌ನಲ್ಲಿ ಇಲ್ಲದೇ ಇರಬಹುದು. ಪಟ್ಟಿಯಲ್ಲಿ ಕಾಣಲಿಲ್ಲ ಅಂದರೆ ಗಿಡದಲ್ಲಿ ಇಲ್ಲ ಅಂತ ಬರೆಯಬೇಡಿ.

ಬೇರೆಯವರ ಡೇಟಾ ಸಂಶೋಧನೆಯಾ ಅಂತ ಕೇಳಿದಿರಿ. ಖಂಡಿತ. ಪ್ರಶ್ನೆ ನಿಮ್ಮದು, ಆಯ್ಕೆ ನಿಮ್ಮದು, ತಪ್ಪು ಹುಡುಕಿದ್ದು ನಿಮ್ಮದು. ಆದರೆ ಮೊದಲು ಆ ಡೇಟಾ ಮೇಲೆ ಪೇಪರ್ ಬರೆದವರು ತೋರಿಸಿದ ಒಂದು ಚಿತ್ರವನ್ನು ಅದೇ ಡೇಟಾದಿಂದ ನೀವೇ ಮಾಡಿ ತೋರಿಸಿ. ಹಾಗೆ ಬರದಿದ್ದರೆ ಯಾಕೆ ಬರಲಿಲ್ಲ ಅಂತ ಹುಡುಕಿ. ಆ ಹುಡುಕಾಟದಲ್ಲಿ ನಾನು ಕಲಿತಷ್ಟು ಯಾವ ಕ್ಲಾಸಿನಲ್ಲೂ ಕಲಿತಿಲ್ಲ.

ಚಿಕ್ಕಮಗಳೂರು_ಮೇಷ್ಟ್ರು

ನಾನು ಸಂಖ್ಯಾಶಾಸ್ತ್ರ ಪಾಠ ಮಾಡುವವನು. ಮೇಲಿನವರು ಬರೆದಿದ್ದೆಲ್ಲ ಸರಿ, ಆದರೆ ಲೆಕ್ಕದ ಮಾತು ಯಾರೂ ಎತ್ತಲಿಲ್ಲ.

ನೋಡಮ್ಮ, 39,000 ಜೀನ್‌ಗಳಿಗೆ ಒಂದೊಂದಕ್ಕೂ ಒಂದು ಪರೀಕ್ಷೆ ಮಾಡುತ್ತೀಯ ಅಂದುಕೋ. ಪಿ ಬೆಲೆ (ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೂ ಬರೀ ಆಕಸ್ಮಿಕದಿಂದ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣುವ ಸಾಧ್ಯತೆ) 0.05ಕ್ಕಿಂತ ಕಡಿಮೆ ಬಂದರೆ ವ್ಯತ್ಯಾಸ ಇದೆ ಅಂತ ಹೇಳುತ್ತೀಯ. ರೋಗಕ್ಕೂ ಜೀನ್‌ಗೂ ಯಾವ ಸಂಬಂಧವೇ ಇಲ್ಲ ಅಂತಿದ್ದರೂ ಬರೀ ಆಕಸ್ಮಿಕದಿಂದ 1,950 ಜೀನ್ ನಿನ್ನ ಪಟ್ಟಿಗೆ ಬಂದು ಕೂರುತ್ತವೆ. ಅವುಗಳ ಮೇಲೆ ಕಥೆ ಕಟ್ಟುವುದು ಸುಲಭ, ಯಾವ ಜೀನ್ ಸಿಕ್ಕಿದರೂ ರೋಗಕ್ಕೆ ಗಂಟು ಹಾಕಬಹುದು. ಅದಕ್ಕೇ, ಇಷ್ಟೊಂದು ಪರೀಕ್ಷೆ ಮಾಡಿದ್ದನ್ನು ಲೆಕ್ಕಕ್ಕೆ ಹಿಡಿದು ತಿದ್ದಿದ ಪಿ ಬೆಲೆಯನ್ನೇ ನೋಡಬೇಕು. ಡಿಇಸೀಕ್2 ಅದನ್ನು ತಾನೇ ಕೊಡುತ್ತದೆ, ಬೆಂಜಮಿನಿ ಮತ್ತು ಹಾಕ್‌ಬರ್ಗ್ 1995ರಲ್ಲಿ ಹೇಳಿದ ವಿಧಾನ. ಎರಡು ಕಾಲಂ ಪಕ್ಕಪಕ್ಕದಲ್ಲೇ ಇರುತ್ತವೆ. ತಪ್ಪು ಕಾಲಂ ತಗೊಂಡು ಪ್ರಾಜೆಕ್ಟ್ ಮುಗಿಸಿದ ಮಕ್ಕಳನ್ನು ನಾನು ಕಂಡಿದ್ದೇನೆ.

ಇನ್ನು ಡೇಟಾ ಆರಿಸುವಾಗ ಮಾದರಿ ಎಷ್ಟು ಅಂತ ನೋಡು. ರೋಗದ್ದು ಒಂದು, ಆರೋಗ್ಯದ್ದು ಒಂದು ಇದ್ದರೆ ಆ ಡೇಟಾವನ್ನು ಮುಟ್ಟಬೇಡ. ಎರಡೂ ಕಡೆ ಕನಿಷ್ಠ ಮೂರು ಬೇರೆ ಬೇರೆ ಗಿಡ ಬೇಕು. ಒಂದೇ ಗಿಡದ ಮೂರು ಎಲೆ ಕಿತ್ತು ಮೂರು ಮಾದರಿ ಅಂದರೆ ಆಗದು, ಅದು ಒಬ್ಬನನ್ನೇ ಮೂರು ಸಲ ಕೇಳಿ ಊರಿನ ಅಭಿಪ್ರಾಯ ಅಂದ ಹಾಗೆ. ರೋಗದ ಎಲೆಗಳನ್ನೆಲ್ಲ ಸೋಮವಾರ, ಆರೋಗ್ಯದ ಎಲೆಗಳನ್ನೆಲ್ಲ ಶುಕ್ರವಾರ ಸೀಕ್ವೆನ್ಸ್ ಮಾಡಿದ್ದರೆ ಅದೂ ಕೆಟ್ಟ ಡೇಟಾ. ಬಂದ ವ್ಯತ್ಯಾಸ ರೋಗದ್ದಾ, ವಾರದ್ದಾ ಅಂತ ಯಾವ ಸಾಫ್ಟ್‌ವೇರೂ ಹೇಳಲಾರದು.

ಒಂದು ಜೀನ್ ಮೂರು ಪಟ್ಟು ಹೆಚ್ಚಾಯಿತು ಅಂದರೆ ಕುಣಿಯಬೇಡ, ಎಣಿಕೆ ನೋಡು. 2 ಇದ್ದದ್ದು 6 ಆದರೂ ಮೂರು ಪಟ್ಟು, 2,000 ಇದ್ದದ್ದು 6,000 ಆದರೂ ಮೂರು ಪಟ್ಟು. ಎರಡೂ ಒಂದೇ ಅಲ್ಲ, ಅಲ್ವಾ?

ಬಾಳೆಹೊನ್ನೂರು_ತೋಟ

ನಾನು ಈ ವಿದ್ಯೆಯವನಲ್ಲ, ಕೃಷಿ ಪದವಿ ಮುಗಿಸಿ ತೋಟ ನೋಡಿಕೊಂಡಿದ್ದೇನೆ. ಆದರೆ ಇಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರ ಇರುವುದರಿಂದ ಸಂಶೋಧನೆಯವರನ್ನು ಹತ್ತಿರದಿಂದ ಕಂಡಿದ್ದೇನೆ. ಎಲೆ ತುಕ್ಕು ರೋಗ ತಡೆಯಲಿ ಅಂತ ಇಲ್ಲಿ ಮಾಡಿದ ಎಸ್ 795 ಈಗಲೂ ನಮ್ಮ ಅರೇಬಿಕಾ ಪಟ್ಟೆಯಲ್ಲಿ ಇದೆ. ಆ ಕಾಲದಲ್ಲಿ ಜೀನೋಮ್ ಓದುವ ಯಂತ್ರ ಎಲ್ಲಿತ್ತು? ಗಿಡದಿಂದ ಗಿಡಕ್ಕೆ ಓಡಾಡಿ, ಯಾವುದಕ್ಕೆ ತುಕ್ಕು ಹತ್ತಿತು, ಯಾವುದಕ್ಕೆ ಹತ್ತಲಿಲ್ಲ ಅಂತ ಪುಸ್ತಕದಲ್ಲಿ ಬರೆದು ಆರಿಸಿದರು. ಆ ತಳಿಯ ರಕ್ತದಲ್ಲಿ ಲೈಬೀರಿಕಾ ಕಾಫಿಯ ಅಂಶ ಇದೆ, ತುಕ್ಕು ತಡೆಯುವ ಒಂದು ಜೀನ್ ಅಲ್ಲಿಂದಲೇ ಬಂದದ್ದು ಅಂತ ಆಮೇಲೆ ಜೀನ್ ನೋಡುವವರು ಹೇಳಿದರು. ಪುಸ್ತಕದಲ್ಲಿ ಗಿಡದ ಲೆಕ್ಕ ಸರಿಯಾಗಿ ಇದ್ದದ್ದಕ್ಕೆ ಅವರಿಗೆ ಅದನ್ನು ಹೇಳಲು ಸಾಧ್ಯವಾಯಿತು.

ಹಾಗಾಗಿ ನನ್ನ ಮಾತು ಇಷ್ಟು. ನೀವು ಇಳಿಸಿಕೊಳ್ಳುವ ಡೇಟಾದ ಎಲೆ ಎಲ್ಲಿಯದು, ಯಾವ ತಳಿ, ಎಳೆ ಎಲೆಯಾ ಬಲಿತದ್ದಾ, ರೋಗ ಹಚ್ಚಿ ಎಷ್ಟು ಗಂಟೆಗೆ ಕಿತ್ತರು, ಕಿತ್ತ ಮೇಲೆ ತಕ್ಷಣ ದ್ರವ ಸಾರಜನಕಕ್ಕೆ ಹಾಕಿದರಾ, ಇದೆಲ್ಲ ಕೇಳಿ. ಕಿತ್ತ ಎಲೆ ಕೈಯಲ್ಲಿ ಹಿಡಿದುಕೊಂಡು ಬಿಸಿಲಲ್ಲಿ ಹತ್ತು ನಿಮಿಷ ನಡೆದರೆ ಆ ಎಲೆ ಆಗಲೇ ಬೇರೆ ಎಲೆ. ನಮ್ಮ ತೋಟದಿಂದ ಒಮ್ಮೆ ಒಬ್ಬರು ಮಾದರಿ ತಗೊಂಡು ಹೋದರು. ಕವರ್‌ಗಳ ಮೇಲೆ ಬರೀ 1, 2, 3 ಅಂತ ಬರೆದಿದ್ದರು, ಪಟ್ಟಿ ಬರೆದ ಹಾಳೆ ಮಳೆಯಲ್ಲಿ ನೆಂದುಹೋಯಿತು. ಎರಡು ದಿನ ಅವರ ಜೊತೆ ಜಿಗಣೆ ಕಚ್ಚಿಸಿಕೊಂಡು ಓಡಾಡಿದ್ದು ನೀರಲ್ಲಿ ಹೋಮ ಆಯಿತು. ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ ಬೇಡ. ಕವರ್ ಮೇಲೆ ಒಂದು, ಒಳಗೆ ಒಂದು ಚೀಟಿ.

ಮುಂದೆ ಕಾಫಿಯ ಮೇಲೆ ಯಾರಾದರೂ ಮಾಡುವುದಿದ್ದರೆ ನಮ್ಮ ತೋಟಕ್ಕೆ ಬನ್ನಿ, ನಾನೇ ಗಿಡ ತೋರಿಸುತ್ತೇನೆ.

ಕೊಪ್ಪದ_ಮಳೆ

ತೋಟದಣ್ಣ ಹೇಳಿದ್ದು ನೂರಕ್ಕೆ ನೂರು ಸತ್ಯ. ಕಾಫಿ ಅಂದಿರಲ್ಲ, ಅದಕ್ಕೊಂದು ಸೇರಿಸುತ್ತೇನೆ. ರೋಬಸ್ಟಾಗೆ 22 ಕ್ರೋಮೋಸೋಮ್, ಅದರ ಜೀನೋಮ್ 2014ರಲ್ಲಿ ಬಂತು. ಅರೇಬಿಕಾಗೆ 44, ಯಾಕೆಂದರೆ ಅದು ರೋಬಸ್ಟಾ ಮತ್ತು ಯೂಜಿನಿಯಾಯ್ಡಿಸ್ ಅನ್ನುವ ಇನ್ನೊಂದು ಕಾಫಿ ಸೇರಿ ಹುಟ್ಟಿದ್ದು. ಎರಡೂ ಕಡೆಯ ಜೀನ್‌ಗಳು ಒಂದನ್ನೊಂದು ಬಹಳ ಹೋಲುತ್ತವೆ, ಒಂದು ಸಣ್ಣ ರೀಡ್ ಯಾವ ಕಡೆಯದು ಅಂತ ಹೇಳುವುದೇ ಕಷ್ಟ. ಮೊದಲ ಪ್ರಾಜೆಕ್ಟ್‌ಗೆ ಅರೇಬಿಕಾ ಬೇಡ, ರೋಬಸ್ಟಾ ಆಗಬಹುದು.

ಆಲೂರು_ಹುಡುಗಿ

ಹನ್ನೊಂದು ದಿನ ಆಯಿತು, ಎಲ್ಲರಿಗೂ ತಡವಾಗಿ ಬರೆಯುತ್ತಿದ್ದೇನೆ. ಕೋರ್ಸ್‌ಗೆ ಸೇರಲಿಲ್ಲ. ಅಪ್ಪನಿಗೆ ಹೇಳಿದೆ, ಆ ದುಡ್ಡು ಬಿತ್ತನೆಗೆ ಇರಲಿ ಅಂದರು.

ಮಂಗನ ಕಾಯಿಲೆ ವೈರಸ್‌ದು ಮಾಡಿ ಮುಗಿಸಿದೆ ಅಕ್ಕ. ಡಬ್ಲ್ಯುಎಸ್‌ಎಲ್ ಹಾಕುವುದಕ್ಕೇ ಎರಡು ದಿನ ಹಿಡಿಯಿತು. ಗ್ರೆಪ್ ಕಮಾಂಡ್ ಟೈಪ್ ಮಾಡುವಾಗ ಕೊಟೇಶನ್ ಇದೆಯಾ ಅಂತ ಮೂರು ಸಲ ನೋಡಿ ಎಂಟರ್ ಒತ್ತಿದೆ. ಮೊದಲ ಸಲ ಮರ ಬಂದಾಗ ಒಂದು ಕೊಂಬೆ ಮಾತ್ರ ವಿಪರೀತ ಉದ್ದ ಇತ್ತು, ಅಲ್‌ಖುರ್ಮಾಗಿಂತಲೂ ದೂರ. ನೋಡಿದರೆ ಹುಡುಕುವಾಗ ಬೇರೆ ಒಂದು ವೈರಸ್‌ನ ಜೀನೋಮ್ ಬಂದು ಸೇರಿಕೊಂಡಿತ್ತು, ನಾನು ಹೆಸರು ಓದದೆ ಎಲ್ಲವನ್ನೂ ಟಿಕ್ ಮಾಡಿದ್ದೆ. ಅದನ್ನು ತೆಗೆದು ಮತ್ತೆ ಮಾಡಿದೆ. ಈಗ ಅಲ್‌ಖುರ್ಮಾ ಹೊರಗೆ, ನಮ್ಮವೆಲ್ಲ ಒಳಗೆ. ಆ ಚಿತ್ರವನ್ನು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ.

ಆಮೇಲೆ ಒಂದೊಂದು ದಾಖಲೆಯನ್ನೂ ತೆರೆದು ಎಲ್ಲಿಯದು, ಯಾವ ವರ್ಷದ್ದು ಅಂತ ಬರೆದುಕೊಳ್ಳಲು ಕೂತೆ. ಕೆಲವಕ್ಕೆ ಜಿಲ್ಲೆ, ಊರು ಎಲ್ಲ ಇದೆ. ಕೆಲವಕ್ಕೆ ಬರೀ ಇಂಡಿಯಾ. ವರ್ಷವೂ ಇಲ್ಲ. ಮಂಗದ್ದಾ, ಮನುಷ್ಯರದ್ದಾ, ಉಣ್ಣೆಯದ್ದಾ ಅಂತಲೂ ಇಲ್ಲ. ಅಷ್ಟು ಕಷ್ಟಪಟ್ಟು ತೆಗೆದ ಸೀಕ್ವೆನ್ಸ್, ಮರದಲ್ಲಿ ಕೂತಿದೆ, ಆದರೆ ಅದರ ಬಗ್ಗೆ ಏನೂ ಹೇಳಲಾಗದು. ತೋಟದಣ್ಣ ಹೇಳಿದ ನೆಂದ ಹಾಳೆ ನೆನಪಾಯಿತು.

ಮೇಷ್ಟ್ರೇ, ನೀವು ಹೇಳಿದ ಮೇಲೆ ನಾನು ಮೊದಲು ಆರಿಸಿಟ್ಟಿದ್ದ ಡೇಟಾ ಬಿಟ್ಟೆ. ರೋಗದ್ದು ಎರಡು, ಆರೋಗ್ಯದ್ದು ಒಂದೇ ಇತ್ತು. ಈಗ ಮೂರು ಮೂರು ಇರುವುದು ಸಿಕ್ಕಿದೆ. ಇಳಿಸುವಾಗ ರಾತ್ರಿ ಕರೆಂಟ್ ಹೋಗಿ ಅರ್ಧಕ್ಕೆ ನಿಂತಿತು, ಮೊದಲಿಂದ ಶುರು ಮಾಡಬೇಕಾ?

ಅರಸೀಕೆರೆ_ರೈಲು

ಬೇಡ. ಫೈಲ್ ಇಳಿಸುವ ವಿಗೆಟ್ ಕಮಾಂಡ್‌ಗೆ ಸಣ್ಣ ಸಿ ಆಯ್ಕೆ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ. ಮುಗಿದ ಮೇಲೆ ಎಂಡಿ5 ಸಂಖ್ಯೆ (ಇಡೀ ಫೈಲ್‌ನಿಂದ ಲೆಕ್ಕ ಹಾಕಿದ ಗುರುತು) ಹೊಂದುತ್ತದಾ ನೋಡಿ, ಇಎನ್‌ಎಯವರು ಪ್ರತಿ ಫೈಲ್‌ಗೂ ಅದನ್ನು ಕೊಟ್ಟಿರುತ್ತಾರೆ. ಒಂದು ಅಕ್ಷರ ತಪ್ಪಿದರೂ ಸಂಖ್ಯೆ ಬೇರೆ ಬರುತ್ತದೆ. ಅರ್ಧ ಇಳಿದ ಫೈಲ್ ಎಷ್ಟೋ ಸಲ ಏನೂ ತಕರಾರು ಮಾಡದೆ ಓಡಿಬಿಡುತ್ತದೆ, ಅದೇ ಅಪಾಯ.

ಇನ್ನೊಂದು, ದಿನಚರಿ ಇಡಿ. ಯಾವ ತಾರೀಕು, ಯಾವ ಕಮಾಂಡ್, ಯಾವ ಸಾಫ್ಟ್‌ವೇರ್‌ನ ಯಾವ ಆವೃತ್ತಿ. ಚಾಟ್‌ಜಿಪಿಟಿ ಹತ್ತಿರ ಕೋಡ್ ಬರೆಸಿಕೊಂಡರೆ ಅದನ್ನೂ ಬರೆದಿಡಿ, ಮತ್ತು ಉತ್ತರ ಕೈಯಲ್ಲಿ ಎಣಿಸಬಹುದಾದಷ್ಟು ಸಣ್ಣ ಫೈಲ್ ಮೇಲೆ ಓಡಿಸಿ ನೋಡದೆ ನಂಬಬೇಡಿ. ಸರಾಗವಾಗಿ ಓಡುವ ತಪ್ಪು ಕೋಡ್ ಕೊಡುವುದರಲ್ಲಿ ಅದು ಬಹಳ ಚುರುಕು.

ಆಲೂರು_ಹುಡುಗಿ

ಮತ್ತೆ ನಾನೇ. ಈಗ ಒಂದು ತಿಂಗಳು ಆಗಿದೆ. ಸಾಲ್ಮನ್ ಓಡಿತು, ಆರ್ ಕೂಡ ಸ್ವಲ್ಪ ಸ್ವಲ್ಪ ಬರುತ್ತಿದೆ. ಡಿಇಸೀಕ್2ಗೆ ಹಾಕುವ ಮೊದಲು ಪಿಸಿಎ ಚಿತ್ರ (ಒಂದೇ ಥರದ ಮಾದರಿಗಳು ಹತ್ತಿರ ಹತ್ತಿರ ಬರುವ ಚುಕ್ಕೆಗಳ ಚಿತ್ರ) ಮಾಡಿದೆ. ಆರೋಗ್ಯದ ಮೂರರಲ್ಲಿ ಎರಡು ಒಂದು ಕಡೆ ಕೂತಿವೆ. ಮೂರನೆಯದು ಹೋಗಿ ರೋಗದ ಗುಂಪಿನಲ್ಲಿ ನಿಂತಿದೆ. ಅದನ್ನು ತೆಗೆದು ಓಡಿಸಿದರೆ ಪಟ್ಟಿ ಬಹಳ ಚೆನ್ನಾಗಿ ಬರುತ್ತದೆ, ರೋಗ ಬಂದಾಗ ಏಳುತ್ತವೆ ಅಂತ ಓದಿದ್ದ ಪಿಆರ್-1 ಥರದ ಜೀನ್‌ಗಳೆಲ್ಲ ಮೇಲೆ ಬರುತ್ತವೆ. ಇಟ್ಟುಕೊಂಡರೆ ಅರ್ಧಕ್ಕರ್ಧ ಮಾಯ. ತೆಗೆದುಬಿಡಲಾ?

ಚಿಕ್ಕಮಗಳೂರು_ಮೇಷ್ಟ್ರು

ಪಟ್ಟಿ ಚೆನ್ನಾಗಿ ಬರುತ್ತದೆ ಅನ್ನುವ ಕಾರಣಕ್ಕೆ ತೆಗೆಯಬೇಡಮ್ಮ. ತೆಗೆಯುವುದಕ್ಕೆ ಪಟ್ಟಿಯ ಹೊರಗಿನ ಕಾರಣ ಬೇಕು. ಆ ಕಾರಣ ಸಿಕ್ಕರೆ ತೆಗೆ, ತೆಗೆದೆ ಅಂತ ಬರೆ. ಸಿಗದಿದ್ದರೆ ಎರಡೂ ಥರ ಮಾಡಿ ಎರಡನ್ನೂ ಪ್ರಬಂಧದಲ್ಲಿ ಇಡು.

ಕೊಪ್ಪದ_ಮಳೆ

ಕಾರಣ ಹುಡುಕಲು ನಿಮ್ಮ ಕೈಯಲ್ಲೇ ಒಂದು ದಾರಿ ಇದೆ. ರೋಗಾಣುವಿನ ಟ್ರಾನ್ಸ್‌ಕ್ರಿಪ್ಟ್‌ಗಳನ್ನೂ ಇಂಡೆಕ್ಸ್‌ಗೆ ಸೇರಿಸಿದ್ದೀರಿ ಅಲ್ವಾ? ಆ ಮೂರನೇ ಮಾದರಿಯಲ್ಲಿ ಫೈಟಾಫ್ತೊರಾದ ರೀಡ್ ಎಷ್ಟಿದೆ ನೋಡಿ. ರೋಗ ಹಚ್ಚದ ಎಲೆಯಲ್ಲಿ ಅದು ಹೆಚ್ಚುಕಡಿಮೆ ಸೊನ್ನೆ ಇರಬೇಕು. ರೋಗದ ಮಾದರಿಗಳಷ್ಟೇ ಇದ್ದರೆ ಎಲೆಗೆ ರೋಗ ಹತ್ತಿತ್ತು, ಇಲ್ಲವೇ ಹೆಸರಿನ ಚೀಟಿ ಅದಲುಬದಲಾಗಿದೆ. ರೋಗದ ಮೂರರಲ್ಲಿ ಯಾವುದಾದರೂ ಒಂದರಲ್ಲಿ ಸೊನ್ನೆ ಇದೆಯಾ ಅಂತಲೂ ನೋಡಿ.

ಆಲೂರು_ಹುಡುಗಿ

ನೋಡಿದೆ ಅಕ್ಕ, ಈಗಷ್ಟೇ. ಆರೋಗ್ಯದ ಎರಡರಲ್ಲಿ ಬೆರಳೆಣಿಕೆ. ಮೂರನೆಯದರಲ್ಲಿ ಸಾವಿರಗಟ್ಟಲೆ ಇದೆ. ಆದರೆ ರೋಗದ ಮೂರರಲ್ಲೂ ಇದೆ, ಯಾವುದೂ ಖಾಲಿ ಇಲ್ಲ. ಹಾಗಾದರೆ ಅದಲುಬದಲಾಗಿದ್ದಲ್ಲ, ಆ ಗಿಡಕ್ಕೆ ಪಕ್ಕದಿಂದ ರೋಗ ಹತ್ತಿರಬೇಕು. ಗೈಡ್‌ಗೆ ತೋರಿಸಿದೆ, ಅವರು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. ಒಂದೇ ಕೋಣೆಯಲ್ಲಿ ಟ್ರೇ ಪಕ್ಕ ಟ್ರೇ ಇಟ್ಟಿದ್ದರೆ ನೀರಿನ ಹನಿಯಲ್ಲೇ ಹೋಗುತ್ತದೆ, ಕಣ್ಣಿಗೆ ಚುಕ್ಕೆ ಕಾಣುವ ಮೊದಲೇ ಒಳಗೆ ಬೆಳೆದಿರುತ್ತದೆ ಅಂದರು. ಡೇಟಾ ಹಾಕಿದವರಿಗೆ ಗಿಡಗಳನ್ನು ಹೇಗೆ ಇಟ್ಟಿದ್ದಿರಿ ಅಂತ ಕೇಳಿ ಇಬ್ಬರೂ ಸೇರಿ ಮೇಲ್ ಬರೆದೆವು. ಉತ್ತರ ಬರುವವರೆಗೆ ಮೇಷ್ಟ್ರು ಹೇಳಿದ ಹಾಗೆ ಎರಡೂ ಥರ ಓಡಿಸಿ ಇಡುತ್ತಿದ್ದೇನೆ.